ಮಂದೆ ಕಾಯುವ ಬಿಳಿ ನಾಯಿ ಕೊಡಗಿನ ಮಳೆಗೆ ಒಗ್ಗೀತೇ?

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಗ್ರೇಟ್ ಪಿರನೀಸ್ ಎಂಬ ದೊಡ್ಡ ಬಿಳಿ ನಾಯಿಯ ಬಗ್ಗೆ ಮತ್ತು ಆಡು, ಕುರಿ, ದನಗಳ ಕಾವಲಿಗೆಂದೇ ಬೆಳೆದುಬಂದ ಇತರ ತಳಿಗಳ ಬಗ್ಗೆ ಜಿಲ್ಲೆಯ ನಾನಾ ಕಡೆಗಳಿಂದ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಳ್ಳಲಾಗಿದೆ. ಪತ್ರಗಳನ್ನು ಸಂಕ್ಷೇಪಿಸಿದ್ದೇವೆ, ಬರೆದವರ ಹೆಸರಿನ ಬದಲು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಕಾಫಿ ತೋಟದ ಅಂಚಿನಲ್ಲಿ ನಮ್ಮದೊಂದು ಸಣ್ಣ ಆಡಿನ ಮಂದೆ ಇದೆ. ಕಳೆದ ಬೇಸಿಗೆಯಿಂದ ಚಿರತೆ ಆಡುಗಳನ್ನೂ ನಮ್ಮ ಎರಡು ನಾಟಿ ನಾಯಿಗಳನ್ನೂ ಹೊತ್ತೊಯ್ದಿದೆ. ಬೆಂಗಳೂರಿನಲ್ಲಿರುವ ಮಗ ಗ್ರೇಟ್ ಪಿರನೀಸ್ ಮರಿ ತರುತ್ತೇನೆ, ಅದು ಚಿರತೆಯನ್ನೇ ಎದುರಿಸುವ ನಾಯಿ ಎನ್ನುತ್ತಾನೆ. ಇದು ನಿಜವೇ? ಆ ತಳಿಯ ಸ್ವಭಾವವೇನು?
— ಮಾದಾಪುರ

ಉತ್ತರ: ಮೊದಲು ಚಿರತೆಯ ವಿಷಯ. ಒಂಟಿ ನಾಯಿ, ಅದು ಎಷ್ಟೇ ದೊಡ್ಡದಾಗಿರಲಿ, ಚಿರತೆಯೊಂದಿಗೆ ಕಾದಾಡಿ ಗೆಲ್ಲುತ್ತದೆ ಎಂದು ನಂಬಿ ಹಣ ಹಾಕಬೇಡಿ. ಊರಂಚಿನಲ್ಲಿ ಬದುಕುವ ಚಿರತೆಗೆ ನಾಯಿಯೇ ಸುಲಭದ ಬೇಟೆ ಎಂಬುದನ್ನು ತಾವು ಎರಡು ಸಲ ಕಂಡಿದ್ದೀರಿ. ಹಿಮಾಚಲದ ಗದ್ದಿ ಕುರಿಗಾಹಿಗಳು ತಮ್ಮ ಬಲಿಷ್ಠ ನಾಯಿಗಳ ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ತೊಡಿಸುವುದು ಚಿರತೆ ಮೊದಲು ಬಾಯಿ ಹಾಕುವುದು ಕುತ್ತಿಗೆಗೆ ಎಂಬ ಕಾರಣದಿಂದಲೇ. ಅವರು ಒಂದೇ ನಾಯಿಯನ್ನು ನಂಬಿ ಮಂದೆಯನ್ನು ಬೆಟ್ಟಕ್ಕೆ ಹೊಡೆಯುವುದೂ ಇಲ್ಲ.

ಮಂದೆಗಾವಲು ನಾಯಿಯ ನಿಜವಾದ ಕೆಲಸ ಕಾದಾಟವಲ್ಲ, ತಡೆ. ಅದು ಮಂದೆಯ ನಡುವೆಯೇ ಇರುತ್ತದೆ, ಸುತ್ತಲಿನ ಜಾಗಕ್ಕೆ ಮೂತ್ರದಿಂದ ಗುರುತು ಹಾಕುತ್ತದೆ, ರಾತ್ರಿಯಿಡೀ ಸುತ್ತು ಹೊಡೆಯುತ್ತದೆ, ಅಪರಿಚಿತ ವಾಸನೆ ಅಥವಾ ಸಪ್ಪಳ ಬಂದೊಡನೆ ಗಟ್ಟಿಯಾಗಿ ಬೊಗಳುತ್ತದೆ, ಅದಕ್ಕೂ ಬಗ್ಗದೆ ಹತ್ತಿರ ಬಂದದ್ದಕ್ಕೂ ಆಡುಗಳಿಗೂ ನಡುವೆ ಹೋಗಿ ನಿಲ್ಲುತ್ತದೆ. ಕದ್ದು ಹಿಡಿಯುವ ಪ್ರಾಣಿಗೆ ತಾನು ಕಣ್ಣಿಗೆ ಬಿದ್ದಿದ್ದೇನೆ ಎಂದು ತಿಳಿದ ಮೇಲೆ ಬೇಟೆಯಲ್ಲಿ ಲಾಭವಿಲ್ಲವಾದ್ದರಿಂದ ಬಹುಪಾಲು ಸಂದರ್ಭಗಳಲ್ಲಿ ಅದು ಹಿಂದಿರುಗುತ್ತದೆ. ನಮೀಬಿಯಾದಲ್ಲಿ ಚೀತಾ ಸಂರಕ್ಷಣಾ ನಿಧಿಯವರು 1994ರಿಂದ ಟರ್ಕಿ ಮೂಲದ ಅನಟೋಲಿಯನ್ ಹಾಗೂ ಕಂಗಲ್ ನಾಯಿಗಳನ್ನು ರೈತರಿಗೆ ಕೊಡುತ್ತ ಬಂದಿರುವುದು ಇದೇ ತತ್ವದ ಮೇಲೆ: ನಾಯಿ ಚೀತಾವನ್ನು ಕೊಲ್ಲಬೇಕಿಲ್ಲ, ಚೀತಾ ಬಾರದಂತೆ ಮಾಡಿದರೆ ರೈತ ಕೋವಿ ಎತ್ತುವ ಪ್ರಮೇಯವೂ ಇರುವುದಿಲ್ಲ. ಆದರೆ ಚೀತಾ ಹಗಲು ಬಯಲಿನಲ್ಲಿ ಬೇಟೆಯಾಡುವ, ಜಗಳಕ್ಕೆ ಹಿಂಜರಿಯುವ ಪ್ರಾಣಿ. ನಮ್ಮ ಚಿರತೆ ಇರುಳಿನಲ್ಲಿ, ಕಾಫಿ ಗಿಡಗಳ ಮರೆಯಲ್ಲಿ ಹತ್ತು ಅಡಿ ದೂರದವರೆಗೂ ಸದ್ದಿಲ್ಲದೆ ಬರಬಲ್ಲದು. ಈ ವ್ಯತ್ಯಾಸವನ್ನು ಮರೆತು ಅಲ್ಲಿಯ ಯಶಸ್ಸನ್ನು ಇಲ್ಲಿಗೆ ಎಣಿಸಬಾರದು.

ಆದ್ದರಿಂದ ಮೊದಲು ದೊಡ್ಡಿ, ಆಮೇಲೆ ನಾಯಿ ಎಂಬುದು ನನ್ನ ಖಚಿತ ಅಭಿಪ್ರಾಯ. ಗಟ್ಟಿ ಜಾಲರಿಯ ಗೋಡೆ, ಬಿಗಿಯಾದ ಬಾಗಿಲು, ಎಲ್ಲಕ್ಕಿಂತ ಮುಖ್ಯವಾಗಿ ಮೇಲ್ಭಾಗಕ್ಕೂ ಶೀಟು ಅಥವಾ ಜಾಲರಿ ಇರುವ ದೊಡ್ಡಿಯಲ್ಲಿ ಕತ್ತಲಾಗುವ ಮೊದಲೇ ಆಡುಗಳು ಸೇರಿರಬೇಕು. ಚಿರತೆ ಹತ್ತಿ ಜಿಗಿಯುವ ಪ್ರಾಣಿಯಾದ್ದರಿಂದ ಆಳೆತ್ತರದ ಬೇಲಿ ಅದಕ್ಕೆ ಲೆಕ್ಕಕ್ಕಿಲ್ಲ. ನಾಯಿಯೂ ರಾತ್ರಿ ಅದೇ ಆವರಣದೊಳಗೆ ಇರಲಿ. ಹಗಲು ಬಾಣೆಯ ಹುಲ್ಲುಗಾವಲಿನಲ್ಲಿ ಮೇಯುವಾಗ ಆಡುಗಳೊಂದಿಗೆ ಅದು ಹೋಗಲಿ, ಜೊತೆಗೆ ಒಬ್ಬ ಆಳೂ ಇರಲಿ.

ಇನ್ನು ತಳಿಯ ವಿಚಾರ. ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರನೀಸ್ ಪರ್ವತಗಳಲ್ಲಿ ತೋಳ, ಕರಡಿಗಳಿಂದ ಕುರಿಮಂದೆ ಕಾಯಲು ಬೆಳೆದ ನಾಯಿ ಇದು. ಹದಿನೇಳನೆಯ ಶತಮಾನದಲ್ಲಿ ಹದಿನಾಲ್ಕನೆಯ ಲೂಯಿಯ ಆಸ್ಥಾನದವರೆಗೂ ಹೋಗಿ ಅರಮನೆಯ ನಾಯಿ ಎನಿಸಿಕೊಂಡರೂ ಅದರ ಮೂಲ ವೃತ್ತಿ ಬೆಟ್ಟದ ಮೇಲಿನದೇ. ಗಂಡು ಭುಜದವರೆಗೆ 69ರಿಂದ 81 ಸೆಂಟಿಮೀಟರ್ ಎತ್ತರವಿದ್ದು 45 ಕಿಲೋ ಮೀರಿ ತೂಗುತ್ತದೆ. ಹೆಣ್ಣು 64ರಿಂದ 74 ಸೆಂಟಿಮೀಟರ್, ಸುಮಾರು 38 ಕಿಲೋ ಮೇಲ್ಪಟ್ಟು. ಆಯುಸ್ಸು ಸಾಮಾನ್ಯವಾಗಿ 10ರಿಂದ 12 ವರ್ಷ. ಇಂತಹ ಅನೇಕ ತಳಿಗಳಿಗೆ ಬಿಳಿ ಬಣ್ಣವನ್ನೇ ಕುರಿಗಾಹಿಗಳು ಆರಿಸಿಕೊಂಡು ಬಂದದ್ದಕ್ಕೆ ಒಂದು ಹಳೆಯ ವಿವರಣೆ ಇದೆ: ಮಬ್ಬುಗತ್ತಲಲ್ಲಿ ತೋಳವೆಂದುಕೊಂಡು ತಮ್ಮ ನಾಯಿಗೇ ಏಟು ಹಾಕದಿರಲಿ ಎಂದು.

ಸ್ವಭಾವದಲ್ಲಿ ಇದು ಶಾಂತ, ನಿಧಾನ, ಮನೆಯವರೊಂದಿಗೆ ಮೃದು, ಅಪರಿಚಿತರೊಂದಿಗೆ ಬಿಗುವು. ಎಲ್ಲಕ್ಕಿಂತ ಹೆಚ್ಚಾಗಿ ಸ್ವತಂತ್ರ. ಅಲ್ಸೇಷನ್ ನಾಯಿ ಯಜಮಾನನ ಮುಖ ನೋಡಿ ಅಪ್ಪಣೆಗೆ ಕಾಯುತ್ತದೆ. ಪಿರನೀಸ್ ಅಪ್ಪಣೆಯನ್ನು ಕೇಳಿಸಿಕೊಂಡು, ಅದು ತನಗೆ ಸರಿಕಂಡರೆ ಮಾತ್ರ ಎದ್ದುಬರುತ್ತದೆ. ಯಜಮಾನನಿಲ್ಲದ ಬೆಟ್ಟದ ಮೇಲೆ ತಾನೇ ತೀರ್ಮಾನ ಮಾಡಬೇಕಿದ್ದ ನಾಯಿಗೆ ಈ ಗುಣ ಬೇಕೇ ಇತ್ತು, ಆದ್ದರಿಂದ ಇದನ್ನು ದಡ್ಡತನವೆಂದು ತಿಳಿದು ಹೊಡೆಯುವುದರಿಂದ ಯಾವ ಪ್ರಯೋಜನವೂ ಇಲ್ಲ. ಕರೆದೊಡನೆ ಓಡಿಬರುವ ನಾಯಿ ಬೇಕಿದ್ದರೆ ಮಗನಿಗೆ ಬೇರೆ ತಳಿ ನೋಡಲು ಹೇಳಿ.

ಬಂದ ಮರಿ ತಾನಾಗಿಯೇ ಆಡು ಕಾಯುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಅಮೆರಿಕದಲ್ಲಿ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ 1970ರ ದಶಕದಿಂದ ನಡೆಸಿದ ಅಧ್ಯಯನಗಳು ಇಂತಹ ನಾಯಿಯಲ್ಲಿ ಮೂರು ಗುಣಗಳನ್ನು ನೋಡಬೇಕೆಂದು ತೋರಿಸಿದವು: ಮಂದೆಗೆ ತಾನು ತೊಂದರೆ ಕೊಡದಿರುವುದು, ಮಂದೆಯನ್ನು ಬಿಟ್ಟು ಹೋಗದಿರುವುದು, ಅಪಾಯ ಬಂದಾಗ ತಡೆಯುವುದು. ಮೊದಲಿನ ಎರಡು ಗಟ್ಟಿಯಾಗಿದ್ದರೆ ಮೂರನೆಯದು ಬಹುಮಟ್ಟಿಗೆ ತಾನೇ ಬರುತ್ತದೆ. ಈ ನಂಟು ಕೂಡುವುದು ಎಳವೆಯಲ್ಲಿ, ಸುಮಾರು ನಾಲ್ಕು ತಿಂಗಳೊಳಗೆ. ಆ ಅವಧಿಯನ್ನು ಮರಿ ನಿಮ್ಮ ಮನೆಯ ಸೋಫಾದ ಮೇಲೆ ಕಳೆದರೆ ಅದು ನಿಮ್ಮನ್ನು ಕಾಯುತ್ತದೆ, ಆಡನ್ನಲ್ಲ. ಎಂಟು ವಾರ ತುಂಬಿದ ಮರಿಯನ್ನು ತಂದು ಆಡಿನ ದೊಡ್ಡಿಯಲ್ಲೇ ಒಂದು ಮೂಲೆಗೆ ಜಾಲರಿ ಕಟ್ಟಿ ಇರಿಸಿ, ವಾಸನೆಗೂ ಸದ್ದಿಗೂ ಒಗ್ಗಿದ ಮೇಲೆ ಸಾಧುವಾದ ಒಂದೆರಡು ದೊಡ್ಡ ಆಡುಗಳ ಜೊತೆ ಬಿಡಬೇಕು. ಮನುಷ್ಯರೂ ದಿನವೂ ಮುಟ್ಟಿ ಮೈದಡವಬೇಕು. ಕೈಗೆ ಸಿಗದ ಐವತ್ತು ಕಿಲೋ ನಾಯಿಗೆ ನಾಳೆ ಚುಚ್ಚುಮದ್ದು ಹಾಕುವವರು ಯಾರು? ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಅದು ಮಂದೆಯನ್ನು ಅಟ್ಟಿಸಿಕೊಂಡು ಆಡುವ, ಮರಿಗಳ ಕಿವಿ ಕಚ್ಚುವ ಪುಂಡ ವಯಸ್ಸು. ಆಗ ಕಣ್ಣಿಡಲು ಆಳಿಲ್ಲದಿದ್ದರೆ ಚಿರತೆ ಮಾಡಿದ ನಷ್ಟವನ್ನು ನಾಯಿಯೇ ಮಾಡೀತು. ಪೂರ್ಣ ಭರವಸೆ ಇಡಬಹುದಾದದ್ದು ಎರಡು ವರ್ಷದ ನಂತರ. ಅಲ್ಲಿಯವರೆಗೆ ತಾಳ್ಮೆ ಇದೆಯೇ ಎಂಬುದನ್ನು ಮಗನೊಂದಿಗೆ ಕುಳಿತು ಮಾತನಾಡಿ.

ಪ್ರಶ್ನೆ: ಮಳೆ ಬೀಳುವ ಮೊದಲೇ ತಂದ ನಮ್ಮ ಪಿರನೀಸ್‌ಗೆ ಈಗ ಒಂದು ವರ್ಷ ದಾಟಿದೆ. ಜೂನ್ ತಿಂಗಳಿಂದ ಮೈ ಒಣಗುವುದೇ ಇಲ್ಲ, ಕೆಟ್ಟ ವಾಸನೆ, ಕಿವಿಯ ಹಿಂದೆ ಮತ್ತು ತೊಡೆಯ ಮೇಲೆ ಕೆಂಪು ಹುಣ್ಣು. ಪೂರ್ತಿ ಬೋಳಿಸಿಬಿಡೋಣವೇ?
— ಭಾಗಮಂಡಲ

ಉತ್ತರ: ಪೂರ್ತಿ ಬೋಳಿಸಬೇಡಿ. ಈ ನಾಯಿಗೆ ಎರಡು ಪದರದ ಕೂದಲು: ಮೇಲೆ ಉದ್ದನೆಯ, ಒರಟಾದ, ನೀರನ್ನು ಜಾರಿಸುವ ಕೂದಲು; ಕೆಳಗೆ ಹತ್ತಿಯಂತಹ ಒತ್ತು ಕೂದಲು. ಮೇಲಿನ ಪದರ ಹೋದರೆ ಬಿಸಿಲು, ಮಳೆ, ಸೊಳ್ಳೆ ಎಲ್ಲವೂ ನೇರವಾಗಿ ಚರ್ಮಕ್ಕೆ ತಾಗುತ್ತವೆ, ಮತ್ತೆ ಬೆಳೆಯುವ ಕೂದಲು ಕೆಲವೊಮ್ಮೆ ಮೊದಲಿನ ಗುಣ ಉಳಿಸಿಕೊಳ್ಳುವುದಿಲ್ಲ. ಹುಣ್ಣು ಇರುವ ಜಾಗದ ಸುತ್ತ ಮಾತ್ರ ಕೂದಲನ್ನು ಸಣ್ಣಗೆ ಕತ್ತರಿಸಿ ಗಾಳಿಯಾಡುವಂತೆ ಮಾಡಬೇಕು.

ತೊಂದರೆಯ ಮೂಲ ಇರುವುದು ಕೆಳಪದರದಲ್ಲಿ. ಪಿರನೀಸ್ ಬೆಟ್ಟಗಳ ಚಳಿ ಹಿಮದ ಚಳಿ. ಮೈಮೇಲೆ ಬಿದ್ದ ಹಿಮವನ್ನು ನಾಯಿ ಕೊಡವಿಕೊಂಡರೆ ಮುಗಿಯಿತು. ನಮ್ಮಲ್ಲಿ ಮಡಿಕೇರಿಯಲ್ಲೇ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ನಿಮ್ಮ ಕಡೆ ಅದಕ್ಕಿಂತಲೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ವಾರಗಟ್ಟಲೆ ಬಿಸಿಲು ಕಾಣದ ತೇವದಲ್ಲಿ, ಉದುರಿ ಸಿಕ್ಕುಗಟ್ಟಿದ ಒಳಗೂದಲು ನೀರನ್ನು ಚರ್ಮಕ್ಕೆ ಅಂಟಿಸಿ ಹಿಡಿಯುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಮತ್ತು ಬೂಷ್ಟಿನ ಜಾತಿಯ ಸೂಕ್ಷ್ಮಾಣುಗಳು ಬೆಳೆಯುತ್ತವೆ, ನಾಯಿ ನೆಕ್ಕಿ ಕೆರೆದು ಒಂದೇ ರಾತ್ರಿಯಲ್ಲಿ ಅಂಗೈಯಗಲದ ಹುಣ್ಣು ಮಾಡಿಕೊಳ್ಳುತ್ತದೆ.

ಈಗ ಮಾಡಬೇಕಾದದ್ದು ಇದು. ಹುಣ್ಣಿನ ಸುತ್ತ ಕೂದಲು ಕತ್ತರಿಸಿ, ಕ್ಲೋರ್‌ಹೆಕ್ಸಿಡಿನ್ ಇರುವ ದ್ರಾವಣದಿಂದ ದಿನಕ್ಕೆ ಎರಡು ಸಲ ಒರೆಸಿ, ಒಣಗಿಸಿ, ನೆಕ್ಕದಂತೆ ಕೊರಳಿಗೆ ಕೋನ್ ಹಾಕಿ ಹತ್ತಿರದ ಪಶುವೈದ್ಯರಿಗೆ ತೋರಿಸಿ. ಗುಳಿಗೆ ಬೇಕೇ ಎಂಬುದನ್ನು ಅವರು ನೋಡಿ ಹೇಳಬೇಕು. ಅರಿಶಿನ, ಬೇವಿನ ಎಣ್ಣೆ ಸುರಿದರೆ ತೇವ ಇನ್ನಷ್ಟು ಒಳಗೇ ಉಳಿಯುತ್ತದೆ, ದಯವಿಟ್ಟು ಬೇಡ. ಕಿವಿಯೊಳಗೂ ಕಪ್ಪು ಜಿಡ್ಡು ಮತ್ತು ವಾಸನೆ ಇದ್ದರೆ ಅದಕ್ಕೆ ಬೇರೆಯೇ ಔಷಧ ಬೇಕಾಗುತ್ತದೆ.

ಮುಂದಿನ ವರ್ಷಕ್ಕೆ ಸಿದ್ಧತೆ ಮೇ ತಿಂಗಳಲ್ಲೇ ಆಗಬೇಕು. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ನಂತರ ಒಳಗೂದಲು ಉದುರಲು ತೊಡಗಿದಾಗ ಉದ್ದ ಹಲ್ಲಿನ ಬಾಚಣಿಗೆಯಿಂದ, ಒಂದೊಂದು ಭಾಗವಾಗಿ, ಚರ್ಮ ಕಾಣುವವರೆಗೆ ಬಾಚಿ ಸತ್ತ ಕೂದಲನ್ನೆಲ್ಲ ತೆಗೆಯಿರಿ. ಹೊಟ್ಟೆಯ ಅಡಿ, ಬಾಲದ ಬುಡ, ಕಾಲ್ಬೆರಳುಗಳ ನಡುವಿನ ಕೂದಲನ್ನು ಕತ್ತರಿಸಬಹುದು. ಮಳೆಗಾಲದಲ್ಲಿ ವಾರಕ್ಕೆ ಮೂರು ನಾಲ್ಕು ಸಲ ಬಾಚುವುದು, ಹೊರಗಿನಿಂದ ಬಂದಾಗ ದಪ್ಪ ಬಟ್ಟೆಯಿಂದ ಒರೆಸುವುದು, ಕರೆಂಟು ಇರುವ ದಿನ ಟೇಬಲ್ ಫ್ಯಾನಿನ ಎದುರು ಮಲಗಿಸುವುದು. ಸ್ನಾನ ಮಾತ್ರ ತೀರ ಅಗತ್ಯವಿದ್ದಾಗ. ಮಲಗುವ ಜಾಗ ನೆಲದಿಂದ ಒಂದಡಿ ಎತ್ತರದ, ಸಂದು ಬಿಟ್ಟು ಜೋಡಿಸಿದ ಮರದ ಹಲಗೆಯದಾಗಿರಲಿ. ಬರಿಯ ಸಿಮೆಂಟಿನ ಮೇಲೆ ಮಲಗುವ ಭಾರದ ನಾಯಿಗೆ ಮೊಣಕೈಯಲ್ಲಿ ಜಡ್ಡು ಬಂದು ಅದೂ ಹುಣ್ಣಾಗುತ್ತದೆ.

ಜಿಗಣೆಯ ವಿಷಯ ನೀವು ಬರೆದಿಲ್ಲ, ಆದರೆ ನಿಮ್ಮ ಊರಿನಲ್ಲಿ ಅದನ್ನು ಬಿಟ್ಟು ಮಾತು ಮುಗಿಯದು. ಜಿಗಣೆ ಕಚ್ಚಿದ್ದಕ್ಕಿಂತ ಆಮೇಲೆ ಕೂದಲಿನಡಿ ಜಿನುಗುವ ರಕ್ತ ದೊಡ್ಡ ಸಮಸ್ಯೆ: ಅಲ್ಲಿ ನೊಣ ಮೊಟ್ಟೆ ಇಟ್ಟು ಹುಳ ಬೀಳುತ್ತದೆ, ದಪ್ಪ ಬಿಳಿ ಕೂದಲಿನಲ್ಲಿ ಅದು ಹೊರಗೆ ಕಾಣುವ ಹೊತ್ತಿಗೆ ಗಾಯ ಆಳವಾಗಿರುತ್ತದೆ. ದಿನಕ್ಕೊಮ್ಮೆ ಬೆರಳಾಡಿಸಿ ಕೊರಳು, ಕಂಕುಳು, ತೊಡೆಸಂದು, ಬೆರಳುಸಂದುಗಳನ್ನು ನೋಡಿ. ಒಂದೇ ಹೊಳ್ಳೆಯಿಂದ ರಕ್ತ ಬರುತ್ತ ನಾಯಿ ಪದೇ ಪದೇ ಸೀನುತ್ತಿದ್ದರೆ ಮೂಗಿನೊಳಗೆ ಜಿಗಣೆ ಹೊಕ್ಕಿರುವ ಸಾಧ್ಯತೆ ಇದೆ. ಮೂಗಿನ ರಕ್ತಕ್ಕೆ ಉಣುಗಿನ ಜ್ವರವೂ ಕಾರಣವಾಗಬಹುದು. ಉಣ್ಣದಿರುವುದು, ಜ್ವರ, ಒಸಡು ಬಿಳಿಚುವುದು ಇವು ಜೊತೆಗಿದ್ದರೆ ರಕ್ತಪರೀಕ್ಷೆಗೆ ತಡಮಾಡಬಾರದು. ಮಳೆ ಹಿಂದೆಗೆದ ಮೇಲೆ ಉಣುಗಿನ ಹಾವಳಿ ಏರುವುದರಿಂದ ವೈದ್ಯರು ಸೂಚಿಸಿದ ಉಣುಗು ನಿರೋಧಕ ಗುಳಿಗೆಯನ್ನು ವರ್ಷವಿಡೀ ತಪ್ಪದೆ ಕೊಡುವುದು ಲೇಸು. ಇಲಿಜ್ವರದ ಲಸಿಕೆಯೂ ನಮ್ಮ ಜಿಲ್ಲೆಯಲ್ಲಿ ಐಚ್ಛಿಕವಲ್ಲ. ಇಲಿಯ ಮೂತ್ರ ಬೆರೆತ ಕೆಸರುನೀರಿನಿಂದ ನಾಯಿಗೆ, ನಾಯಿಯಿಂದ ಮನೆಯವರಿಗೆ ಬರುವ ರೋಗ ಅದು.

ಕೇಳದಿದ್ದರೂ ಒಂದು ಮಾತು. ಕುಶಾಲನಗರ, ಶಿರಂಗಾಲದ ಒಣ ಸೀಮೆಯಲ್ಲಿ ಈ ತಳಿಯನ್ನು ಸಾಕುವವರಿಗೆ ಸೆಕೆಯ ಚಿಂತೆ, ನೆರಳು ಮತ್ತು ನೀರಿನಿಂದ ಅದನ್ನು ನಿಭಾಯಿಸಬಹುದು. ಭಾಗಮಂಡಲ, ನಾಪೋಕ್ಲು, ಬಿರುನಾಣಿ ಕಡೆಯವರು ಹೊಸದಾಗಿ ಮರಿ ತರಲು ಸಲಹೆ ಕೇಳಿದರೆ ಬೇಡವೆಂದೇ ಹೇಳುತ್ತೇನೆ. ತಂದಾಗಿರುವ ನಿಮಗೆ ಮೇಲಿನ ಶ್ರಮ ತಪ್ಪಿದ್ದಲ್ಲ.

ಪ್ರಶ್ನೆ: ಕಂಗಲ್ ಮುಂತಾದ ತಳಿಗಳಿಗೆ ಸರ್ಕಾರದ ನಿಷೇಧ ಇದೆ ಎಂದು ಕೇಳಿದ್ದೇನೆ. ಪಿರನೀಸ್ ಸಾಕಲು ಅಡ್ಡಿ ಇದೆಯೇ? ನಮ್ಮ ದೇಶದ ತಳಿಯೇ ಸಿಗುವುದಿಲ್ಲವೇ? ಇಲ್ಲಿ ಹತ್ತಿರದ ಬೈಲುಕುಪ್ಪೆಯ ಕಡೆ ಟಿಬೆಟನ್ ಮಾಸ್ಟಿಫ್ ಸಿಗಬಹುದೇ ಎಂದೂ ಯೋಚಿಸುತ್ತಿದ್ದೇನೆ.
— ಕೂಡಿಗೆ

ಉತ್ತರ: ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ 2024ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಬರೆದ ಪತ್ರದಲ್ಲಿ 23 ತಳಿಗಳನ್ನು ಉಗ್ರವೆಂದು ಹೆಸರಿಸಿ ಅವುಗಳ ಆಮದು, ಮಾರಾಟ, ಸಂತಾನಾಭಿವೃದ್ಧಿಯನ್ನು ತಡೆಯಲು ಹೇಳಿತ್ತು. ಕಂಗಲ್, ಅಕ್ಬಾಷ್, ಕಕೇಷಿಯನ್ ಶೆಫರ್ಡ್ ಮುಂತಾದ ಹಲವು ಮಂದೆಗಾವಲು ತಳಿಗಳು ಆ ಪಟ್ಟಿಯಲ್ಲಿದ್ದವು; ಗ್ರೇಟ್ ಪಿರನೀಸ್ ಇರಲಿಲ್ಲ. ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಿದ್ದೆಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು, ಕ್ರಮಬದ್ಧವಾಗಿ ಹೊಸ ನಿಯಮ ತರುವ ದಾರಿಯನ್ನು ಮುಚ್ಚಲಿಲ್ಲ. ಹಾಗಾಗಿ ಕಂಗಲ್ ಕೊಳ್ಳುವವರು ಆ ಹೊತ್ತಿನ ನಿಯಮವೇನೆಂದು ಪಶುಸಂಗೋಪನಾ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು. ಯಾವ ತಳಿಯಾದರೂ 2017ರ ನಿಯಮಗಳಂತೆ ಮರಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಕೇಳಿದೊಡನೆ ಮಾತು ಬದಲಿಸುವವರಿಂದ ಮರಿ ಕೊಳ್ಳಬೇಡಿ.

ನಮ್ಮ ದೇಶದ ಮಂದೆಗಾವಲು ನಾಯಿಗಳೆಂದರೆ ಹಿಮಾಲಯದ ಗದ್ದಿ, ಬಖರ್ವಾಲ್, ಭೋಟಿಯಾ ನಾಯಿಗಳು. ಗದ್ದಿ ನಾಯಿಯನ್ನು ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ದೇಶೀ ತಳಿಯೆಂದು ನೋಂದಾಯಿಸಿದೆ. ಆದರೆ ಅವೂ ತಂಪು ಬೆಟ್ಟದ ದಪ್ಪ ಕೂದಲಿನವೇ. ನಮ್ಮ ರಾಜ್ಯದ ಹೆಮ್ಮೆಯಾದ ಮುಧೋಳ ನಾಯಿ ಕಣ್ಣಿಗೆ ಬಿದ್ದದ್ದನ್ನು ಓಡಿ ಹಿಡಿಯುವ ಬೇಟೆನಾಯಿ. ಆಡಿನ ನಡುವೆ ಸುಮ್ಮನೆ ಕುಳಿತಿರು ಎಂದರೆ ಅದಕ್ಕೂ ಕಷ್ಟ, ಆಡಿಗೂ ಕಷ್ಟ.

ಟಿಬೆಟನ್ನರು ಇಲ್ಲಿ ನೆಲೆಸಿದ್ದಾರೆ ಎಂದ ಮಾತ್ರಕ್ಕೆ ಅವರ ನಾಡಿನ ನಾಯಿಯೂ ಇಲ್ಲಿ ಹಾಯಾಗಿರುತ್ತದೆ ಎಂದಾಗುವುದಿಲ್ಲ. ಆಮ್ಲಜನಕ ಕಡಿಮೆಯಿರುವ ಎತ್ತರಕ್ಕೆ ಹೊಂದಿದ ಆ ತಳಿಯ ರಕ್ತದಲ್ಲಿ ಟಿಬೆಟಿನ ತೋಳದಿಂದ ಬಂದ ವಂಶವಾಹಿಯೂ ಇದೆ ಎಂದು ವಿಜ್ಞಾನಿಗಳು ಗುರುತಿಸಿದ್ದಾರೆ; ಕೂಡಿಗೆಯ ಏಪ್ರಿಲ್‌ನಲ್ಲಿ ಆ ವಂಶವಾಹಿಯಿಂದ ನಿಮಗೇನೂ ಉಪಯೋಗವಿಲ್ಲ. ಸಣ್ಣ ಕೂದಲಿನ ಕಂಗಲ್ ಹವೆಯ ದೃಷ್ಟಿಯಿಂದ ನಿಮ್ಮ ಸೀಮೆಗೆ ಹೆಚ್ಚು ಒಗ್ಗುವ ನಾಯಿ, ಆದರೆ ಮೊದಲ ಬಾರಿ ದೊಡ್ಡ ನಾಯಿ ಸಾಕುವವರ ಕೈಗೆ ಅದನ್ನು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಆಡಿನ ಹಟ್ಟಿಯಲ್ಲೇ ಹುಟ್ಟಿ ಬೆಳೆದ ಎರಡು ಮೂರು ಗಟ್ಟಿಮುಟ್ಟಾದ ನಾಟಿ ನಾಯಿಗಳು, ಮುಚ್ಚಿದ ದೊಡ್ಡಿ, ಇಷ್ಟರಿಂದಲೇ ಎಷ್ಟೋ ಮನೆಗಳ ಕೆಲಸ ನಡೆಯುತ್ತದೆ.

ಪ್ರಶ್ನೆ: ರಾತ್ರಿಯಿಡೀ ಬೊಗಳುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಯವರು ನಿದ್ದೆಯಿಲ್ಲವೆಂದು ತೋಟದ ಗುಮಾಸ್ತರಾದ ರೈಟರ ಬಳಿ ದೂರುತ್ತಿದ್ದಾರೆ. ಕಾಡಾನೆ ಬಂದಾಗಲಂತೂ ಬೇಲಿ ದಾಟಿ ಓಡುತ್ತದೆ. ಸರಪಳಿ ಹಾಕಬಹುದೇ?
— ಸಿದ್ದಾಪುರ

ಉತ್ತರ: ಇರುಳು ಬೊಗಳುವುದು ಈ ನಾಯಿಯ ಚಟವಲ್ಲ, ಉದ್ಯೋಗ, ಅದನ್ನು ಪೂರ್ತಿ ನಿಲ್ಲಿಸಲಾಗದು. ಕಡಿಮೆ ಮಾಡಬಹುದು. ಲೈನ್ ಮನೆಗಳಿಂದ ದೂರದ ದೊಡ್ಡಿಯೊಳಗೆ, ದಾರಿಯಲ್ಲಿ ಓಡಾಡುವವರು ಕಾಣದಂತೆ ಒಂದು ಬದಿಗೆ ಮರೆ ಕಟ್ಟಿ ಇರಿಸಿದರೆ, ಅಲ್ಲಿನ ಮಕ್ಕಳು ಹಿರಿಯರನ್ನು ಹಗಲಿನಲ್ಲಿ ನಿಮ್ಮ ಎದುರೇ ಪರಿಚಯ ಮಾಡಿಸಿದರೆ, ಅರ್ಧ ಬೊಗಳಾಟ ತಗ್ಗುತ್ತದೆ. ಆಡು, ದನ ಯಾವುದೂ ಇಲ್ಲದೆ ಬರಿಯ ಬಂಗಲೆ ಕಾಯಲು ತಂದಿದ್ದರೆ, ನಾಯಿಗೆ ಕೆಲಸವಿಲ್ಲದೆ ಊರಿನ ಎಲ್ಲ ಸದ್ದೂ ಅದರ ಜವಾಬ್ದಾರಿಯಾಗುತ್ತದೆ.

ಸರಪಳಿ ಬೇಡ. ಕಟ್ಟಿದ ನಾಯಿ ಮಂದೆಯನ್ನು ಕಾಯಲಾರದು, ಚಿರತೆ ಬಂದರೆ ತಪ್ಪಿಸಿಕೊಳ್ಳಲಾರದು, ಬರಬರುತ್ತ ಸಿಡುಕಿನದಾಗಿ ಮನುಷ್ಯರನ್ನು ಕಚ್ಚುವ ಅಪಾಯವೂ ಹೆಚ್ಚು. ಆರಡಿ ಎತ್ತರದ ಜಾಲರಿ, ಬುಡದಲ್ಲಿ ತೋಡದಂತೆ ಕಲ್ಲಿನ ಸಾಲು ಬೇಕು. ಆನೆಯ ವಿಷಯದಲ್ಲಿ ಇದು ಜೀವದ ಪ್ರಶ್ನೆ: ನಾಯಿ ಆನೆಯನ್ನು ಕೆಣಕುತ್ತದೆ, ಆನೆ ತಿರುಗಿಬಿದ್ದಾಗ ನೇರ ಯಜಮಾನನತ್ತ ಓಡಿಬರುತ್ತದೆ, ಹಿಂದೆಯೇ ಆನೆಯೂ. ಆನೆ ಬಂದ ಸುಳಿವು ಸಿಕ್ಕಿದ ರಾತ್ರಿ ನಾಯಿ ಮುಚ್ಚಿದ ಕೋಣೆಯೊಳಗಿರಲಿ, ತೋಟಕ್ಕೆ ಹೋಗುವಾಗ ಜೊತೆಗೆ ಕರೆದೊಯ್ಯಬೇಡಿ. ಬೇಲಿ ದಾಟಿ ಅಲೆಯುವ ನಾಯಿಗೆ ಕಾಡುಹಂದಿಗೆಂದು ಯಾರೋ ಕಾನೂನು ಮೀರಿ ಒಡ್ಡಿದ ಉರುಳಿನ ಭಯವೂ ಇದೆ. ಕಾಡಿನಂಚಿನಲ್ಲಿರುವವರು ನಾಯಿಗಳ ವೈರಾಣು ರೋಗವಾದ ಡಿಸ್ಟೆಂಪರ್‌ನ ಲಸಿಕೆಯನ್ನು ತಪ್ಪಿಸಲೇಬಾರದು. 2018ರಲ್ಲಿ ಗಿರ್ ಅರಣ್ಯದ ಸಿಂಹಗಳ ಸಾವಿನಲ್ಲಿ ಇದೇ ವೈರಾಣು ಪತ್ತೆಯಾಗಿತ್ತು. ನಾಗರಹೊಳೆಯ ಹುಲಿ, ಸೀಳುನಾಯಿಗಳಿಗೆ ನಮ್ಮ ನಾಯಿಗಳಿಂದ ಅದು ದಾಟಬಾರದು.

ಪ್ರಶ್ನೆ: ನಾಲ್ಕು ತಿಂಗಳ ಮರಿ. ದಿನವೂ ಕ್ಯಾಲ್ಸಿಯಂ ಸಿರಪ್, ಹಾಲು, ಮೊಟ್ಟೆ, ಅನ್ನ, ಮಾಂಸ ಕೊಡುತ್ತಿದ್ದೇವೆ. ಆದರೂ ಮುಂಗಾಲು ಬಾಗುತ್ತಿದೆ. ಕ್ಯಾಲ್ಸಿಯಂ ಹೆಚ್ಚಿಸಬೇಕೇ?
— ಪೊನ್ನಂಪೇಟೆ

ಉತ್ತರ: ಹೆಚ್ಚಿಸಬೇಡಿ, ಎಕ್ಸ್‌ರೇ ಆಗುವವರೆಗೆ ನಿಮ್ಮಷ್ಟಕ್ಕೆ ಯಾವುದನ್ನೂ ಸೇರಿಸಬೇಡಿ. ದೊಡ್ಡ ತಳಿಯ ಮರಿಗಳ ಕರುಳಿಗೆ, ಬಂದ ಕ್ಯಾಲ್ಸಿಯಂನಲ್ಲಿ ಬೇಡದ್ದನ್ನು ಬಿಡುವ ಶಕ್ತಿ ಎಳವೆಯಲ್ಲಿ ಸರಿಯಾಗಿ ಇರುವುದಿಲ್ಲ. ಹೆಚ್ಚಾದದ್ದೆಲ್ಲ ರಕ್ತಕ್ಕೆ ಸೇರಿ ಎಲುಬು ಮತ್ತು ಮೃದ್ವಸ್ಥಿಯ ಬೆಳವಣಿಗೆಯನ್ನೇ ಕೆಡಿಸುತ್ತದೆ. ಇತ್ತ ಬರಿಯ ಅನ್ನ ಮಾಂಸದ ಊಟದಲ್ಲಿ ಕ್ಯಾಲ್ಸಿಯಂ ಕೊರತೆಯೂ ಆಗಬಹುದು, ಆಗಲೂ ಕಾಲು ಬಾಗುತ್ತದೆ. ಎರಡರಲ್ಲಿ ಯಾವುದು ಎಂಬುದನ್ನು ಕಣ್ಣಳತೆಯಿಂದ ಹೇಳಲಾಗದು. ಸುಲಭದ ದಾರಿಯೆಂದರೆ ದೊಡ್ಡ ತಳಿಯ ಮರಿಗಳಿಗೆಂದೇ ತಯಾರಾದ ಆಹಾರಕ್ಕೆ ಬದಲಿಸಿ ಸಿರಪ್ ನಿಲ್ಲಿಸುವುದು. ಮರಿ ಗುಂಡಗಾಗಬಾರದು, ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸಿಗುವಂತಿರಬೇಕು. ಒಂದೂವರೆ ವರ್ಷದವರೆಗೆ ಮೆಟ್ಟಿಲು, ಜೀಪಿನಿಂದ ಜಿಗಿತ, ಕಡಿದಾದ ಏರಿಯಲ್ಲಿ ಓಡಿಸುವುದು ಬೇಡ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಎಲುಬು ಬಲಿಯುವವರೆಗೆ ಮುಂದೂಡುವುದು ಈ ಗಾತ್ರದ ನಾಯಿಗಳಿಗೆ ಒಳ್ಳೆಯದು.

ಬೆಳೆದ ಮೇಲೆ ಪಿರನೀಸ್ ತನ್ನ ಗಾತ್ರಕ್ಕೆ ಹೋಲಿಸಿದರೆ ಕಡಿಮೆಯೇ ತಿನ್ನುತ್ತದೆ, ಗಾಬರಿ ಬೇಡ. ಊಟ ದಿನಕ್ಕೆ ಎರಡು ಸಲವಾಗಿ ಇರಲಿ, ಉಂಡ ಮೇಲೆ ಒಂದೆರಡು ಗಂಟೆ ಓಡಾಟ ಬೇಡ. ಹೊಟ್ಟೆ ಉಬ್ಬಿ, ವಾಂತಿಗೆ ಪ್ರಯತ್ನಿಸಿದರೂ ಏನೂ ಬಾರದೆ, ಜೊಲ್ಲು ಸುರಿಸುತ್ತ ಚಡಪಡಿಸಿದರೆ ಜಠರ ಹೊರಳಿಕೊಂಡಿದೆ ಎಂದು ಶಂಕಿಸಿ ಆ ಗಳಿಗೆಯೇ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಕಡೆಗೆ ಹೊರಡಿ. ಬೆಳಗಾಗಲಿ ಎಂದು ಕಾಯುವ ರೋಗ ಅದಲ್ಲ. ಮದುವೆ ಮನೆಯಲ್ಲಿ ಉಳಿದ ಪಂದಿ ಕರಿಯನ್ನು (ಹಂದಿ ಮಾಂಸದ ಸಾರನ್ನು) ಪ್ರೀತಿಯಿಂದ ಹಾಕುವ ರೂಢಿ ನಮ್ಮಲ್ಲಿದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ, ಹಂದಿಯ ಕೊಬ್ಬು ಮೇದೋಜೀರಕ ಗ್ರಂಥಿಯನ್ನು ಕೆರಳಿಸುತ್ತದೆ, ಬೆಂದ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಅದಕ್ಕೆ ಹಾಕುವ ಹುಳಿರಸ ಕಾಚಂಪುಳಿಯ ಘಮ ನಾಯಿಗೂ ಇಷ್ಟವಾಗುತ್ತದೆ ನಿಜ, ಆದರೂ ಕೊಡಬೇಡಿ.

ಪ್ರಶ್ನೆ: ಬಸವನಹುಳುವಿಗೆ ತೋಟದಲ್ಲಿ ಮದ್ದು ಇಡುತ್ತಿದ್ದೇವೆ. ನಾಯಿಗೆ ಅಪಾಯವೇ? ಕಣದಲ್ಲಿ ಕಾಫಿ ಹಣ್ಣನ್ನೂ ಅಗಿಯುತ್ತದೆ.
— ಶನಿವಾರಸಂತೆ

ಉತ್ತರ: ಎರಡೂ ಅಪಾಯ, ಮೊದಲನೆಯದು ಹೆಚ್ಚು. ಆಫ್ರಿಕನ್ ದೈತ್ಯ ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆ, ಅದರಲ್ಲೂ ತೌಡು ಬೆಲ್ಲ ಬೆರೆಸಿದ ಮದ್ದು, ನಾಯಿಗೆ ತಿಂಡಿಯಂತೆಯೇ ಕಾಣುತ್ತದೆ. ತಿಂದ ಕೆಲವೇ ಗಂಟೆಗಳಲ್ಲಿ ನಡುಕ, ಫಿಟ್ಸ್, ಮೈ ಕಾದು ಕೆಂಡವಾಗುವುದು. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ, ಫಿಟ್ಸ್ ತಡೆದು ಡ್ರಿಪ್ ಕೊಟ್ಟು ಉಳಿಸಿಕೊಳ್ಳಬೇಕು. ಮದ್ದು ಇಟ್ಟ ಬ್ಲಾಕಿಗೆ ನಾಯಿಯನ್ನೂ ಆಡುಗಳನ್ನೂ ಬಿಡಬೇಡಿ, ಉಳಿದ ಚೀಲವನ್ನು ಬೀಗ ಹಾಕಿದ ಕೋಣೆಯಲ್ಲಿಡಿ, ಪೊಟ್ಟಣದ ಚೀಟಿಯನ್ನು ವೈದ್ಯರಿಗೆ ತೋರಿಸಲು ಉಳಿಸಿಕೊಳ್ಳಿ. ಕಾಫಿ ಹಣ್ಣಿನ ಬೀಜದಲ್ಲಿರುವ ಕೆಫೀನ್ ಹೆಚ್ಚಾದರೆ ವಾಂತಿ, ಚಡಪಡಿಕೆ, ಎದೆಬಡಿತ ಏರುವುದು, ನಡುಕ ಕಾಣಿಸುತ್ತವೆ. ಒಂದೆರಡು ಹಣ್ಣಿನಿಂದ ದೊಡ್ಡ ನಾಯಿಗೆ ಏನೂ ಆಗದಿರಬಹುದು, ಮರಿಯನ್ನು ಮಾತ್ರ ಕಣದ ಬಳಿ ಬಿಡಬೇಡಿ.

ಪ್ರಶ್ನೆ: ಆಡು ಕಡಿದಾಗ ತಲೆ, ಕರುಳನ್ನು ಹಸಿಯಾಗಿಯೇ ಕಾವಲು ನಾಯಿಗೆ ಹಾಕುತ್ತೇವೆ. ಮಂದೆಯಲ್ಲಿ ಒಂದು ಆಡು ಒಂದೇ ದಿಕ್ಕಿಗೆ ಸುತ್ತುತ್ತಿದೆ. ಇವೆರಡಕ್ಕೂ ಸಂಬಂಧ ಇದೆಯೇ?
— ವಿರಾಜಪೇಟೆ

ಉತ್ತರ: ಇರಬಹುದು. ಆಡಿನ ಮಿದುಳಿನಲ್ಲಿ ನೀರುಗುಳ್ಳೆಯಾಗಿ ಬೆಳೆಯುವ ಒಂದು ಲಾಡಿಹುಳುವಿನ ದೊಡ್ಡ ಅವಸ್ಥೆ ಇರುವುದು ನಾಯಿಯ ಕರುಳಿನಲ್ಲಿ. ಹಸಿ ತಲೆ ತಿಂದ ನಾಯಿ ಹಿಕ್ಕೆಯಲ್ಲಿ ಮೊಟ್ಟೆ ಹಾಕುತ್ತದೆ, ಆ ಹುಲ್ಲನ್ನು ಮೇಯ್ದ ಆಡಿಗೆ ಮತ್ತೆ ಗುಳ್ಳೆ. ಶ್ವಾಸಕೋಶ, ಪಿತ್ತಜನಕಾಂಗಗಳಲ್ಲಿ ಗುಳ್ಳೆ ಮಾಡುವ ಇನ್ನೊಂದು ಸಣ್ಣ ಲಾಡಿಹುಳು ನಾಯಿಯಿಂದ ಮನುಷ್ಯರಿಗೂ ತಗಲುತ್ತದೆ. ಮಂದೆಯ ನಡುವೆಯೇ ಇರುವ ನಾಯಿಯಾದ್ದರಿಂದ ಈ ಚಕ್ರ ನಿಮ್ಮಲ್ಲಿ ಬೇಗ ತಿರುಗುತ್ತದೆ. ಹಸಿ ಕರುಳು, ತಲೆ, ಶ್ವಾಸಕೋಶಗಳನ್ನು ಚೆನ್ನಾಗಿ ಬೇಯಿಸದೆ ಹಾಕಬೇಡಿ ಅಥವಾ ಆಳವಾಗಿ ಹೂಳಿ. ನಾಯಿಗೆ ಪ್ರಾಜಿಕ್ವಾಂಟೆಲ್ ಇರುವ ಜಂತುನಾಶಕವನ್ನು ತೂಕಕ್ಕೆ ತಕ್ಕಂತೆ, ವೈದ್ಯರು ಹೇಳಿದ ಅಂತರದಲ್ಲಿ ಕೊಡುತ್ತಿರಿ. ತೂಕ ಅಂದಾಜು ಮಾಡದೆ ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ ನೋಡಿ. ಸುತ್ತುತ್ತಿರುವ ಆಡಿಗೆ ಬೇರೆ ಕಾರಣಗಳೂ ಇರಬಹುದಾದ್ದರಿಂದ ಅದನ್ನು ಮಂದೆಯಿಂದ ಬೇರ್ಪಡಿಸಿ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಮ್ಮ ಪಿರನೀಸ್ ಮರಿಯ ಹಿಂಗಾಲುಗಳಲ್ಲಿ ಒಳಬದಿಗೆ ಎರಡೆರಡು ಹೆಚ್ಚಿನ ಬೆರಳುಗಳಿವೆ. ಅಂಗವೈಕಲ್ಯವೇ, ತೆಗೆಸಬೇಕೇ?
— ಸುಂಟಿಕೊಪ್ಪ

ಉತ್ತರ: ವೈಕಲ್ಯವಲ್ಲ, ಆ ತಳಿಯ ಗುರುತೇ ಅದು, ತೆಗೆಸಬೇಡಿ. ನೆಲಕ್ಕೆ ತಾಗದ ಬೆರಳುಗಳಾದ್ದರಿಂದ ಉಗುರು ಸವೆಯದೆ ಸುರುಳಿಯಾಗಿ ಬೆಳೆದು ಮಾಂಸಕ್ಕೇ ಚುಚ್ಚಿಕೊಳ್ಳುತ್ತದೆ, ಕೂದಲಿನ ಮರೆಯಲ್ಲಿ ಅದು ಕಾಣುವುದೂ ಇಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಉಗುರಿನ ತುದಿಯನ್ನಷ್ಟೇ, ಒಳಗಿನ ರಕ್ತನಾಳಕ್ಕೆ ತಾಗದಂತೆ, ನಾಯಿಗಳ ಉಗುರು ಕತ್ತರಿಯಿಂದ ಕತ್ತರಿಸಿ. ಮರಿಯಿದ್ದಾಗಲೇ ಅಭ್ಯಾಸ ಮಾಡಿಸಿದರೆ ಬೆಳೆದ ಮೇಲೆ ಕಾಲು ಹಿಡಿಯಲು ನಾಲ್ಕು ಜನ ಬೇಕಾಗುವುದಿಲ್ಲ.